ಶನಿವಾರದ ನಾಲ್ಕು ಬೋಲ್ಟು

ಬೆಳಗಿನ ಏಳು ಗಂಟೆಯಿಂದ ಡ್ರಾಯಿಂಗ್ ಮೇಷ್ಟ್ರು ಮೋಹನ್‌ಕುಮಾರನ ಅಂಬಾಸಿಡರ್ ಕಾರಿನ ಅಡಿಯಲ್ಲಿ ಮೆಕ್ಯಾನಿಕ್ ತಮ್ಮಯ್ಯನ ಎರಡು ಕಾಲು ಮಾತ್ರ ಕಾಣುತ್ತಿದ್ದವು. ಎಂಟಕ್ಕೆ ಒಂದು ಕೈಯೂ ಹೊರಬಂತು. ಆ ಕೈಯಲ್ಲಿ ಗ್ರೀಸು ಮೆತ್ತಿದ ನಾಲ್ಕು ಬೋಲ್ಟುಗಳಿದ್ದವು.

"ಸಾ, ಇವನ್ನೇ ತಿರ್ಗಾ ಆಕ್ಲಾ, ಒಸಾವು ತತ್ತೀರಾ?" ಎಂದಿತು ಕಾರಿನ ಅಡಿಯ ದನಿ.

ಪ್ರಶ್ನೆ ಇಷ್ಟೇ. ಬೇರೆ ಯಾರಾದರೂ ಆಗಿದ್ದರೆ ಒಂದು ಮಾತಿನಲ್ಲಿ ಮುಗಿಸುತ್ತಿದ್ದರು. ಆದರೆ ಮೋಹನ್‌ಕುಮಾರ ಚಪ್ಪಲಿ ಕೊಳ್ಳಲು ಹೋದರೆ ಬಲಗಾಲಿಗೆ ಒಂದು ಜಾತಿ, ಎಡಗಾಲಿಗೆ ಒಂದು ಜಾತಿ ಹಾಕಿಕೊಂಡು, ಅಂಗಡಿಯವನು ಊಟಕ್ಕೆ ಬಾಗಿಲು ಹಾಕುವವರೆಗೂ ಕೂತಿರುವ ಮನುಷ್ಯ. ಅವನು ಬೋಲ್ಟುಗಳನ್ನು ನೋಡಿದ. ಬೋಲ್ಟುಗಳೂ ಅವನನ್ನು ನೋಡಿದ ಹಾಗಾಯಿತು.

ಕಾರು ಅವನದಲ್ಲ, ಮಾವನದು. ಕೊಣನೂರಿನಲ್ಲಿ ಹಿಟ್ಟಿನ ಮಿಲ್ಲು ಇಟ್ಟಿದ್ದ ನಂಜಪ್ಪನವರು ಇಪ್ಪತ್ತು ವರ್ಷ ಮಗಳಿಗಿಂತ ಒಂದು ಕೈ ಮೇಲಾಗಿ ಸಾಕಿದ ಕಾರು. ಹೋದ ವರ್ಷ ಯುಗಾದಿಯ ಮಾರನೆಯ ದಿನ ಇದ್ದಕ್ಕಿದ್ದಂತೆ ಅದನ್ನು ಹೊಳೆನರಸೀಪುರಕ್ಕೆ ಓಡಿಸಿಕೊಂಡು ಬಂದು, ಅಳಿಯನ ಮನೆ ಮುಂದೆ ನಿಲ್ಲಿಸಿ, "ಇಟ್ಕಳಿ ಅಳಿಯಂದಿರೇ, ಓಡಾಡ್ಕಂಡಿರಿ" ಎಂದು ಕೀಲಿಕೈ ಕೊಟ್ಟು, ಕಾಫಿಗೂ ನಿಲ್ಲದೆ ಬಸ್ಸು ಹತ್ತಿ ಹೋಗಿಬಿಟ್ಟಿದ್ದರು. ಆರ್‌ಸಿ ಪುಸ್ತಕ ಮಾತ್ರ ಅವರ ಹೆಸರಿನಲ್ಲೇ ಉಳಿದಿತ್ತು. ಬೀದಿಯೆಲ್ಲ ಮಾವನ ಧಾರಾಳತನವನ್ನು ಒಂದು ವಾರ ಹೊಗಳಿತು.

ಕಾರಿನ ಜೊತೆಗೆ ಒಂದು ಸದ್ದೂ ಬಂದಿತ್ತು. ಗೇರು ಹಾಕಿ ಹೊರಟ ಕೂಡಲೇ ಹೊಟ್ಟೆಯ ಅಡಿಯಿಂದ ಟಕ್, ಟಕ್, ಟಕ್. ಮರಕುಟಿಗ ಹಕ್ಕಿಯೊಂದು ಅಲ್ಲಿ ಸಂಸಾರ ಹೂಡಿದ ಹಾಗೆ. ಹೊಸದಾಗಿ ಡ್ರೈವಿಂಗ್ ಕಲಿತ ಮೋಹನ್‌ಕುಮಾರ ತಾನು ಗೇರು ಹಾಕುವ ರೀತಿಯೇ ಸರಿಯಿಲ್ಲವೆಂದು ತಿಳಿದು ಯಾರಿಗೂ ಹೇಳಿರಲಿಲ್ಲ. ಮೂರು ತಿಂಗಳ ಹಿಂದೆ ಮಾವ ಬಂದಾಗ ಕಾರಿನಲ್ಲಿ ಕೂತು, ಕಣ್ಣು ಮುಚ್ಚಿ ಆ ಸದ್ದು ಕೇಳಿ, ಉಸಿರು ಬಿಟ್ಟು ಅಂದಿದ್ದರು: "ಮುಂದಿನ್ ಸಲ ಬಂದಾಗ್ಲೂ ಇಂಗೇ ಇದ್ರೆ, ಈ ಕಾರಿಂದು ಒಂದು ತೀರ್ಮಾನ ಮಾಡ್ಬುಡ್ತೀನಿ."

ನಿನ್ನೆ ಸಂಜೆ ಪಕ್ಕದ ಮನೆ ಫೋನಿಗೆ ಸುದ್ದಿ ಬಂದಿತ್ತು. ಶನಿವಾರ ನಾಲ್ಕೂವರೆ ಬಸ್ಸಿಗೆ ಬರುತ್ತೇನೆ, ಕಾರಿನ ಕಾಗದ ಪತ್ರಗಳನ್ನೂ ತರುತ್ತಿದ್ದೇನೆ.

ಕಾಗದ ಪತ್ರ ಯಾಕೆ? ಮಾರುವುದಕ್ಕೇ. ಬೇರೇನು? ಮೋಹನ್‌ಕುಮಾರನಿಗೆ ರಾತ್ರಿ ಅನ್ನ ಇಳಿಯಲಿಲ್ಲ. ಆ ಕಾರು ಬರುವ ಮುಂಚೆ ಸ್ಕೂಲಿನಲ್ಲಿ ಅವನನ್ನು ಎಲ್ಲರೂ "ಡ್ರಾಯಿಂಗು" ಎಂದೇ ಕರೆಯುತ್ತಿದ್ದರು. ಈಗ ಹೆಡ್‌ಮಾಸ್ಟರೇ "ಮೋಹನ್‌ಕುಮಾರ್ ಅವರೇ, ನನ್ನನ್ನ ಬಸ್ ಸ್ಟ್ಯಾಂಡಿಗೆ ಬಿಡ್ತೀರಾ?" ಎನ್ನುತ್ತಾರೆ. ಅದಕ್ಕಿಂತ ದೊಡ್ಡದೆಂದರೆ ಭಾನುವಾರ. ಗೊರೂರಿನ ಕಡೆ ಹೊರಟರೆ ಹೆಂಡತಿ ರೂಪಶ್ರೀ ಕಿಟಕಿಗೆ ಮೊಣಕೈ ಊರಿ ಕೂರುವ ಠೀವಿ ನೋಡಲಿಕ್ಕೇ ಅವನು ಕಾರನ್ನು ನಿಧಾನ ಓಡಿಸುತ್ತಿದ್ದ. ಹಿಂದಿನಿಂದ ಬಂದ ಟ್ರ್ಯಾಕ್ಟರು ಕೂಡ ಹಾರನ್ ಹೊಡೆದು ಮುಂದೆ ಹೋಗುತ್ತಿತ್ತು.

"ಸಾ, ಕೈ ನೋಯ್ತಾ ಅದೆ," ಎಂದಿತು ದನಿ.

ತಮ್ಮಯ್ಯ ಹೊರಗೆ ತೆವಳಿ ಬಂದ. "ಜಾಯಿಂಟಿನ ಕ್ರಾಸು ಬದ್ಲಾಯ್ಸೀನಿ. ಇಂಜಿನ್ನಿಂದ ಚಕ್ರಕ್ಕೆ ಓಗೋ ಶಾಫ್ಟನ್ನ ಇಂದ್ಗಡೆ ಬಿಗ್ಯಾದು ಈ ನಾಕೇಯ. ನೋಡಿ, ಥ್ರೆಡ್ಡೆಲ್ಲಾ ಸವ್ದು ಮುದ್ಕನ ಅಲ್ಲಂಗಾಗವೆ. ಒಸಾವು ಆಕಾದೇ ವಾಸಿ."

ಹೊಸದು ಎಂದ ಕೂಡಲೇ ಮೋಹನ್‌ಕುಮಾರನಿಗೆ ಮಾವನ ಇನ್ನೊಂದು ಮಾತು ನೆನಪಾಯಿತು. "ಇಪ್ಪತ್ತೊರ್ಷ ಒಂದ್ ಬೋಲ್ಟು ಬದ್ಲಾಯಿಸ್ದೆ ಓಡ್ಸಿದೀನಿ. ಎಲ್ಲಾ ಒರಿಜಿನಲ್ಲು!" ಹಳೆಯದು ಹಾಕಿದರೆ ಸದ್ದು ಉಳಿದು ಕಾರು ಹೋದೀತು. ಹೊಸದು ಹಾಕಿದರೆ ಒರಿಜಿನಲ್ ಹೋಗಿ, ಅದರ ಹಿಂದೆಯೇ ಕಾರೂ ಹೋದೀತು.

ಅಷ್ಟರಲ್ಲಿ ಎದುರು ಮನೆಯ ಗುಂಡಯ್ಯ ಟವೆಲು ಹೆಗಲ ಮೇಲೆ ಹಾಕಿಕೊಂಡು ಬಂದರು. ಮೂವತ್ತು ವರ್ಷ ಬಸ್ಸು ಓಡಿಸಿ ರಿಟೈರಾದವರು. ಎಲ್ಲಿ ಬಾನೆಟ್ಟು ತೆರೆದರೂ ಅಲ್ಲಿ ಅವರಿರುತ್ತಿದ್ದರು.

"ಒಸಾ ಬೋಲ್ಟಾ? ಎಲ್ಲಾರಾ ಉಂಟಾ ಮೇಷ್ಟ್ರೇ! ಅಳೇ ಬೋಲ್ಟು ಅಂದ್ರೆ ಪಳಗಿದ ಎತ್ತಿದ್ದಂಗೆ. ಎಲ್ ಕಟ್ಟಿದ್ರೆ ಅಲ್ ನಿಂತದೆ. ಒಸಾದು ಓರಿ ಕಣ್ರೀ, ಕಿತ್ಕಂಡ್ ಓಯ್ತದೆ."

"ಗುಂಡಣ್ಣ, ಎತ್ಗೆ ಅಲ್ ಉದುರೋದ್ ಮ್ಯಾಕೆ ಗಾಡಿಗ್ ಕಟ್ಟಾರಾ?" ಎಂದ ತಮ್ಮಯ್ಯ.

"ನಾನ್ ಶಿರಾಡಿ ಘಾಟಿ ಇಳಿಸ್ವಾಗ ನೀನ್ ಇನ್ನೂ ಚಡ್ಡಿ ಆಕ್ತಿರ್ನಿಲ್ಲ, ಸುಮ್ಕಿರ್ಲಾ."

ಕಾಂಪೌಂಡಿನ ಆಚೆ ತುಳಸಿಗೆ ನೀರು ಹಾಕುತ್ತಿದ್ದ ಕಾಮಾಕ್ಷಮ್ಮನವರು ಚೊಂಬು ಕೆಳಗಿಟ್ಟರು. ಅವರು ಚೊಂಬು ಕೆಳಗಿಟ್ಟರೆಂದರೆ ಮಾತು ದೊಡ್ಡದೆಂದು ಬೀದಿಗೆಲ್ಲ ಗೊತ್ತು.

"ಮೇಷ್ಟ್ರೇ, ಇವತ್ತು ಯಾವ ವಾರ?"

"ಶನಿವಾರ, ಕಾಮಾಕ್ಷಮ್ಮನೋರೇ."

"ಶನಿವಾರ ಹೊಸಾ ಕಬ್ಬಿಣ ಕೊಳ್ತಾರೇನ್ರೀ ಯಾರಾದ್ರೂ? ನಮ್ಮ ಮನೆಯವರು ಹೀಗೇ ಹಟ ಮಾಡಿ ಒಂದು ಶನಿವಾರ ಈಳಿಗೆಮಣೆ ತಂದ್ರು. ಸೋಮವಾರ ಎದ್ದು ನೋಡ್ತೀವಿ, ಬಾವಿ ರಾಟೇನೇ ಇಲ್ಲ! ಬಂದಿದ್ದು ಅಂಗೈಯಗಲದ ಕಬ್ಬಿಣ, ಹೋಗಿದ್ದು ಐದು ಸೇರಿಂದು."

ರೂಪಶ್ರೀ ಕಾಫಿ ಲೋಟ ತಂದಳು. ಮೋಹನ್‌ಕುಮಾರ ಅವಳ ಮುಖ ನೋಡಿದ. "ನನ್ನನ್ಯಾಕೆ ನೋಡ್ತೀರಿ? ನಾನು ಅಪ್ಪನ ಮಗಳು, ಮೆಕ್ಯಾನಿಕ್ಕಲ್ಲ," ಎಂದು ಅವಳು ಒಳಗೆ ಹೋದಳು.

ಎರಡಕ್ಕೆ ಒಂದು ಓಟಿನಲ್ಲಿ ಹಳೆಯ ಬೋಲ್ಟು ಗೆದ್ದಿತು. ತಮ್ಮಯ್ಯ ಗೊಣಗುತ್ತಲೇ ಅವನ್ನು ಮತ್ತೆ ಬಿಗಿದ. ಹೊಳೆಯ ಸೇತುವೆಯವರೆಗೆ ಒಂದು ಸುತ್ತು ಹೋಗಿ ಬರಲು ಮೋಹನ್‌ಕುಮಾರ ಸ್ಟಿಯರಿಂಗ್ ಹಿಡಿದ. ಗುಂಡಯ್ಯ ಕರೆಯದೆಯೇ ಮುಂದಿನ ಸೀಟಿನಲ್ಲಿ ಕೂತರು. ಕಾರು ಹತ್ತು ಮಾರು ಹೋಯಿತು. ಟಕ್, ಟಕ್, ಟಕ್. ಮರಕುಟಿಗನಿಗೆ ಹೊಸ ಕ್ರಾಸು ಹಿಡಿಸಿದಂತಿತ್ತು, ಮೊದಲಿಗಿಂತ ಹುರುಪಿನಿಂದ ಕುಟ್ಟುತ್ತಿತ್ತು.

"ಸದ್ದು ಆರೋಗ್ಯವಾಗದೆ," ಎಂದರು ಗುಂಡಯ್ಯ.

ವಾಪಸ್ಸು ಬಂದ ಮೇಲೆ ತಮ್ಮಯ್ಯ ಮತ್ತೆ ಅಡಿಗೆ ನುಗ್ಗಿ ನಾಲ್ಕನ್ನೂ ಬಿಚ್ಚಿದ. ಒಂದನ್ನು ಶಾಫ್ಟಿನ ತೂತಿಗೆ ಇಟ್ಟು ಅಲ್ಲಾಡಿಸಿ ತೋರಿಸಿದ. "ನೋಡಿ ಸಾ, ಅರ್ಧ ನೂಲು ಸಣ್ಣ. ತೂತ್ನಾಗೆ ಉಯ್ಯಾಲೆ ಆಡ್ತಾ ಅದೆ. ಸದ್ದು ಬರ್ದೆ ಇನ್ನೇನ್ ಬಂದದು? ಈ ಊರಲ್ಲಿ ಸಿಕ್ಕಾಕಿಲ್ಲ. ಆಸನಕ್ಕೆ ಓಗಿ ಬನ್ನಿ."

ಮೋಹನ್‌ಕುಮಾರ ಸ್ಕೂಲಿಗೆ ರಜೆ ಚೀಟಿ ಕಳಿಸಿ, ಅಳತೆಗೆಂದು ಒಂದು ಹಳೆಯ ಬೋಲ್ಟನ್ನು ಜೇಬಿಗೆ ಹಾಕಿಕೊಂಡು ಹಾಸನದ ಬಸ್ಸು ಹತ್ತಿದ. ಬಸ್ಸು ಸಂತೆಯ ಹಾಗೆ ತುಂಬಿತ್ತು. ಅರ್ಧ ದಾರಿಯಲ್ಲಿ ಬೋಲ್ಟಿನ ಭಾರಕ್ಕೆ ಜೇಬಿನ ಹೊಲಿಗೆ ಬಿಟ್ಟು, ಅದು ಪ್ಯಾಂಟಿನ ಒಳಗಿಂದ ಜಾರಿ, ಠಣ್ಣೆಂದು ಕೆಳಗೆ ಬಿದ್ದು, ಉರುಳಿಕೊಂಡು ಮುಂದಿನ ಸೀಟಿನ ಅಜ್ಜಿಯೊಬ್ಬಳ ಬದನೆಕಾಯಿ ಚೀಲದ ಹಿಂದೆ ಸೇರಿತು. ಮೋಹನ್‌ಕುಮಾರ ಬಗ್ಗಿ ಮೆಲ್ಲಗೆ ಕೈ ಹಾಕಿದ. ಅಜ್ಜಿ ಅವನ ಮಣಿಕಟ್ಟು ಹಿಡಿದಳು.

"ಯಾವನ್ಲಾ ಅವ್ನು! ಇಸ್ತ್ರಿ ಬಟ್ಟೆ ಆಕ್ಕಂಡು ಬದ್ನೆಕಾಯ್ ಕದೀತೀಯಾ?"

"ಇಲ್ಲಮ್ಮ, ಬೋಲ್ಟು... ನನ್ನ ಬೋಲ್ಟು..."

"ಬದ್ನೆಕಾಯ್ಗೆಲ್ಲಿ ಬೋಲ್ಟು ಬಿಟ್ಟಾದೋ?" ಎಂದು ಅವಳು ಅವನ ಮುಖ ನೋಡಿ, ಕೈ ಬಿಟ್ಟಳು. "ಅಯ್ ಸಿವನೆ! ನಮ್ ಮೊಮ್ಮಗಳ್ಗೆ ನವಿಲು ಬರ್ಯಾದ್ ಏಳ್ಕೊಟ್ಟ ಮೇಷ್ಟ್ರಲ್ವಾ ನೀವು? ನಾನು ಲಕ್ಕಮ್ಮ. ಕೇಳಿದ್ರೆ ನಾನೇ ಕೊಡ್ತಿರ್ನಿಲ್ವಾ?" ಎಂದು ಮೂರು ಬದನೆಕಾಯಿ ಅವನ ಮಡಿಲಿಗೆ ಹಾಕಿದಳು. ಬೇಡವೆಂದರೆ ಕೇಳಲಿಲ್ಲ. ಹಾಸನದಲ್ಲಿ ಇಳಿದಾಗ ಡ್ರಾಯಿಂಗ್ ಮೇಷ್ಟ್ರ ಒಂದು ಕೈಯಲ್ಲಿ ಬೋಲ್ಟು, ಇನ್ನೊಂದರಲ್ಲಿ ಬದನೆಕಾಯಿ ಇದ್ದವು. ಬಸ್ಸಿನ ಎಲ್ಲ ಕಿಟಕಿಗಳಲ್ಲೂ ಒಂದೊಂದು ಮುಖವಿತ್ತು.

ಮೋಟಾರು ಸಾಮಾನಿನ ಅಂಗಡಿಯ ಸಣ್ಣಯ್ಯ ಊದುಬತ್ತಿ ಹಚ್ಚಿ, ಹಣೆಗೆ ನಾಮ ಎಳೆದುಕೊಂಡು ಕೂತಿದ್ದ. ಬೋಲ್ಟನ್ನು ಬೆಳಕಿಗೆ ಹಿಡಿದು ತಿರುಗಿಸಿದ. "ಇದು ಅಂಬಾಸಿಡರಿಂದಲ್ಲ ಸಾ. ಕಾರಿಂದೇ ಅಲ್ಲ. ಯಾವ್ದೋ ಬ್ಯಾರೆ ಮಿಷನ್ನಿಂದು. ಯಾರೋ ನಿಮ್ ಒರಿಜಿನಲ್ ಎತ್ಕಂಡು ಇದನ್ನ ತುರುಕವ್ರೆ."

ಮೋಹನ್‌ಕುಮಾರ ಬೋಲ್ಟನ್ನು ಕಿತ್ತುಕೊಂಡು ನೋಡಿದ. ಮಾವ ಇಪ್ಪತ್ತು ವರ್ಷ ಕಾಪಾಡಿದ ಒರಿಜಿನಲ್ಲು! ಯಾರು ಎತ್ತಿಕೊಂಡಿರಬಹುದು? ಕಾರಿನ ಅಡಿಗೆ ಮಲಗಿದವನು ಒಬ್ಬನೇ.

ಸಣ್ಣಯ್ಯ ಒಳಗಿನಿಂದ ಹೊಚ್ಚ ಹೊಸ ನಾಲ್ಕು ಬೋಲ್ಟು ನಟ್ಟು ತಂದು ಒಂದು ರಟ್ಟಿನ ಡಬ್ಬಕ್ಕೆ ಹಾಕಿದ. "ಆದ್ರೆ ಶನಿವಾರ ನಾನು ಕಬ್ಬಿಣ ಮಾರಾಕಿಲ್ಲ."

"ಮತ್ತೆ ಅಂಗಡಿ ಯಾಕೆ ತೆಗೆದಿದ್ದೀರಿ?"

"ಡಬ್ಬ ಮಾರ್ತೀನಿ ಸಾ. ನೀವು ದುಡ್ಡು ಕೊಡಾದು ಡಬ್ಬಕ್ಕೆ. ಬೋಲ್ಟು ನಾನ್ ಸುಮ್ಕೆ ಕೊಟ್ಟೆ. ನಮ್ಮಪ್ಪನ ಕಾಲದಿಂದ್ಲೂ ಇಂಗೇ. ನಿಮ್ಗೂ ದೋಸ ಇಲ್ಲ, ನಂಗೂ ಇಲ್ಲ." ಚೀಟಿಯಲ್ಲೂ ಹಾಗೇ ಬರೆದುಕೊಟ್ಟ: ಡಬ್ಬ ಒಂದು. ಡಬ್ಬದ ಬೆಲೆ ಮಾತ್ರ ಬೋಲ್ಟಿನ ಬೆಲೆಗಿಂತ ಒಂದು ಪೈಸೆ ಕಡಿಮೆಯಿರಲಿಲ್ಲ.

ಮೂರು ಗಂಟೆಗೆ ಮೋಹನ್‌ಕುಮಾರ ಊರಿಗೆ ಬಂದು ಇಳಿದಾಗ ಅವನ ತಲೆಯಲ್ಲಿ ಒಂದೇ ಮಾತು ಕುದಿಯುತ್ತಿತ್ತು. ಜೀವಮಾನದಲ್ಲಿ ಮೊದಲ ಸಲ ಯಾರನ್ನೂ ಕೇಳದೆ ಒಂದು ತೀರ್ಮಾನಕ್ಕೆ ಬಂದಿದ್ದ. ನೇರ ಹೋಗಿ, "ತಮ್ಮಯ್ಯ, ನನ್ನ ಒರಿಜಿನಲ್ ಬೋಲ್ಟು ಎಲ್ಲಿ?" ಅಂದ.

ತಮ್ಮಯ್ಯ ಬೀಡಿ ಕೆಳಗೆ ಹಾಕಿದ. "ಏನಂದ್ರಿ?"

"ಇದು ಕಾರಿನದಲ್ಲವಂತೆ. ಯಾರೋ ಬದಲಾಯಿಸಿದ್ದಾರಂತೆ."

"ಯಾರೋ ಅಂದ್ರೆ ನಾನಾ? ನಾಕ್ ಬೋಲ್ಟ್ ಕದ್ದು ನಾನೇನು ಉಪ್ಪಿನ್ಕಾಯ್ ಆಕ್ಲಾ?" ತಮ್ಮಯ್ಯ ಸ್ಪ್ಯಾನರುಗಳನ್ನು ಗೋಣಿಚೀಲಕ್ಕೆ ತುಂಬಿ, ಹೆಗಲಿಗೆ ಹಾಕಿ, ಹಿಂದೆ ನೋಡದೆ ಹೊರಟ. ಕಾರು ಜಾಕಿನ ಮೇಲೆ ಒಂದು ಕಡೆ ಎತ್ತಿಕೊಂಡು, ಕಾಲು ಮುರಿದ ಎಮ್ಮೆಯ ಹಾಗೆ ನಿಂತಿತ್ತು. "ಮಾನಸ್ತ ಕಣ್ರೀ ಅವ್ನು," ಎಂದರು ಗುಂಡಯ್ಯ, ಎರಡೂ ಕಡೆಗೆ ಸೇರುವ ಹಾಗೆ.

ಕೊನೆಗೆ ರೂಪಶ್ರೀಯೇ ಚಪ್ಪಲಿ ಮೆಟ್ಟಿ ಬೀದಿಯ ಕೊನೆಯವರೆಗೆ ಓಡಿದಳು. "ತಮ್ಮಯ್ಯಣ್ಣ, ನಿಲ್ಲಿ. ಅವರ ಮಾತು ಮನಸ್ಸಿಗೆ ಹಾಕ್ಕೋಬೇಡಿ. ಮದುವೆಯಾದ ಹೊಸದರಲ್ಲಿ ಅರಕಲಗೂಡು ಬಸ್ ಸ್ಟ್ಯಾಂಡಿನಲ್ಲಿ ನಾನು ಅಂತ ಬೇರೆ ಯಾರೋ ಹೆಂಗಸಿನ ಬ್ಯಾಗು ಹಿಡ್ಕೊಂಡು ಅವಳ ಹಿಂದೆ ಬಸ್ಸು ಹತ್ತಿದ್ದರು. ಹೆಂಡತಿ ಗುರುತೇ ಸಿಗದವರಿಗೆ ಬೋಲ್ಟಿನ ಗುರುತು ಎಲ್ಲಿ ಸಿಗಬೇಕು?"

ತಮ್ಮಯ್ಯ ನಗಬಾರದೆಂದು ಹಲ್ಲು ಕಚ್ಚಿದ. ಆಗಲಿಲ್ಲ. "ನಿಮ್ ಮಕ ನೋಡ್ಕಂಡ್ ಬತ್ತೀನಿ ಕಣವ್ವ," ಎಂದು ತಿರುಗಿದ.

ಅಷ್ಟರಲ್ಲಿ ಡಬ್ಬ ಕಾಮಾಕ್ಷಮ್ಮನವರ ಕಣ್ಣಿಗೆ ಬಿದ್ದಿತ್ತು. ದುಡ್ಡು ಕೊಟ್ಟದ್ದು ಡಬ್ಬಕ್ಕೆ ಮಾತ್ರವೆಂದು ಮೋಹನ್‌ಕುಮಾರ ಚೀಟಿ ತೋರಿಸಿದರೂ ಅವರು ಒಪ್ಪಲಿಲ್ಲ. "ಶನಿ ಮಹಾತ್ಮನಿಗೆ ಚೀಟಿ ಓದಕ್ಕೆ ಬರತ್ತೇನ್ರೀ? ಎಳ್ಳೆಣ್ಣೇನಾದ್ರೂ ಹಾಕ್ತೀನಿ ತಾಳಿ," ಎಂದು ಒಂದು ಸೌಟು ಎಳ್ಳೆಣ್ಣೆಯನ್ನು ಡಬ್ಬದೊಳಕ್ಕೆ ಸುರಿದರು. ಆಮೇಲೆ ತಮ್ಮಯ್ಯ ಹಿಡಿದ ಬೋಲ್ಟೆಲ್ಲ ಹೊಳೆಯ ಮೀನಿನ ಹಾಗೆ ಕೈಯಿಂದ ಜಾರಿತು. ಒಂದು ಚರಂಡಿಗೆ ಬಿತ್ತು, ಕೈ ಹಾಕಿ ತೆಗೆಯಬೇಕಾಯಿತು. ಇನ್ನೊಂದು ಅವನ ಮೂಗಿಗೇ ಬಿತ್ತು. ಬಸ್ಸು ಬಂದ ಸದ್ದು ಕೇಳುವಾಗ ಕೊನೆಯ ಬೋಲ್ಟು ಬಿಗಿಯಾಯಿತು. ತಮ್ಮಯ್ಯ ಹಳೆಯ ಮೂರನ್ನು ಮಾಮೂಲಿನಂತೆ ಯಜಮಾನನ ಕೈಗಿಟ್ಟ. ಜೇಬಿನದು ಸೇರಿ ನಾಲ್ಕಾದವು.

ನಂಜಪ್ಪನವರು ಬಗಲಲ್ಲಿ ಚರ್ಮದ ಬ್ಯಾಗು ಅವುಚಿಕೊಂಡು ಬಂದರು. ಮಗಳನ್ನು "ಚೆನ್ನಾಗಿದೀಯೇನವ್ವಾ?" ಎಂದು ಕೇಳುವ ಮುಂಚೆ ಕಾರಿನ ಬಾನೆಟ್ಟು ಸವರಿದರು. "ಕೀ ಕೊಡಿ ಅಳಿಯಂದಿರೇ. ನೋಡೇ ಬುಡಾನ."

ಮಾವ ಸ್ಟಿಯರಿಂಗ್ ಹಿಡಿದರು. ಪಕ್ಕದಲ್ಲಿ ಮೋಹನ್‌ಕುಮಾರ ಕಣ್ಣು ಮುಚ್ಚಿ ಕೂತ. ಹಿಂದೆ ತಮ್ಮಯ್ಯನೂ ಗುಂಡಯ್ಯನೂ ಇದ್ದರು. ಗೇರು ಬಿತ್ತು. ಕಾರು ಹೊರಟಿತು. ಹತ್ತು ಮಾರು, ಇಪ್ಪತ್ತು ಮಾರು, ಪೇಟೆ ಬೀದಿ, ಸೇತುವೆ. ಸದ್ದಿಲ್ಲ. ಎಣ್ಣೆ ಹಚ್ಚಿದ ತೊಟ್ಟಿಲಿನ ಹಾಗೆ ಕಾರು ತೇಲಿತು.

ಸೇತುವೆ ದಾಟಿ ನಂಜಪ್ಪನವರು ಕಾರು ನಿಲ್ಲಿಸಿದರು. "ಎಲ್ಲೋಯ್ತು?"

"ಏನು ಮಾವ?"

"ಸದ್ದು!"

ಮೋಹನ್‌ಕುಮಾರನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ನಾಲ್ಕು ಹಳೆಯ ಬೋಲ್ಟನ್ನು ಅಂಗೈಯಲ್ಲಿಟ್ಟು ಮುಂದೆ ಹಿಡಿದ. "ತಪ್ಪಾಯ್ತು ಮಾವ. ಹೊಸದು ಹಾಕಿಸಿದೆ. ನಿಮ್ಮ ಒರಿಜಿನಲ್ಲನ್ನ ಯಾರೋ ಎಂದೋ ಬದಲಾಯಿಸಿಬಿಟ್ಟಿದ್ದಾರೆ."

ನಂಜಪ್ಪನವರು ಒಂದನ್ನು ಎತ್ತಿ ನೋಡಿದರು. ಮುಖ ಕೆಂಪಾಯಿತು. "ಅಯ್ಯೋ ನನ್ ತಲೆ ಕಾಯ! ಇವು ನಮ್ ಇಟ್ಟಿನ ಮಿಲ್ಲಿನವು! ಇರೀಸಾವೆ ತಾವ ಜಾಯಿಂಟು ಕಳ್ಚಿದಾಗ ಡಿಕ್ಕಿನಾಗಿದ್ದ ಇವನ್ನ ಒಂದಿನದ್ ಮಟ್ಟಿಗೆ ಅಂತ ನಾನೇ ಆಕಿಸ್ದೆ. ಮರ್ತೇಬುಟ್ಟೆ. ಆಮ್ಯಾಕೆ ಆಸನ, ಅರ್ಕಲಗೂಡು, ಚನ್ರಾಯಪಟ್ಣ ಎಲ್ಲಾ ಕಡೆ ತೋರ್ಸ್ದೆ. ಎಲ್ರೂ ಬಿಚ್ಚವ್ರೆ, ತಿರ್ಗಾ ಇವನ್ನೇ ಬಿಗ್ದವ್ರೆ. ಒಬ್ನಾದ್ರೂ 'ಇವನ್ನೇ ಆಕ್ಲಾ, ಒಸಾವಾ?' ಅಂತ ಕೇಳ್ಬೇಕಲ್ಲ!"

"ನಾನ್ ಕೇಳ್ದೆ," ಎಂದ ತಮ್ಮಯ್ಯ ಹಿಂದಿನಿಂದ. ಗುಂಡಯ್ಯ ಕಿಟಕಿಯಾಚೆ ಹೊಳೆ ನೋಡತೊಡಗಿದರು.

ನಂಜಪ್ಪನವರ ಕಣ್ಣು ತುಂಬಿತು. ಅಳಿಯನ ಕೈ ಹಿಡಿದುಕೊಂಡರು. "ಈ ಸದ್ದು ಕೇಳ್ನಾರ್ದೇ ಕಣ್ರಪ್ಪಾ ನಾನು ಇದ್ನ ನಿಮ್ಗೆ ತಂದ್ ಬುಟ್ಟಿದ್ದು. ಕರುಳ್ ಕಿವುಚ್ದಂಗಾಗದು. ಇವತ್ತೂ ಸದ್ದಿದ್ರೆ ಇನ್ನು ಇದ್ರ ಆಸೆನೇ ಬ್ಯಾಡ, ನಿಮ್ಮೆಸ್ರಿಗೇ ಮಾಡ್ಬುಡಾನ ಅಂತ ಸೈನ್ ಆಕಿದ ಕಾಗ್ದಾನೂ ತಂದಿದ್ದೆ. ನೀವು ನನ್ ಕಾರ್ನೇ ಉಳಿಸ್ಕೊಟ್ರಿ!"

ಬ್ಯಾಗಿನಿಂದ ಕಾಗದ ತೆಗೆದು ತೋರಿಸಿದರು. ಮೋಹನ್‌ಕುಮಾರ ತನ್ನ ಹೆಸರು ಓದಿದ. ಅಕ್ಷರ ದುಂಡಗಿತ್ತು. ಇನ್ನೊಂದು ಸಲ ಓದುವಷ್ಟರಲ್ಲಿ ಮಾವ ಅದನ್ನು ನಾಲ್ಕು ಮಡಿಕೆ ಮಾಡಿ ಮತ್ತೆ ಬ್ಯಾಗಿಗೆ ಸೇರಿಸಿದ್ದರು. ಅವನ ಅಂಗೈಯಲ್ಲಿ ಇನ್ನೂ ನಾಲ್ಕು ಹಳೆಯ ಬೋಲ್ಟುಗಳಿದ್ದವು. ಬೆಳಿಗ್ಗೆ ಒಂದು ಸಲ ಇವು ಕಾರಿನೊಳಗೇ ಇದ್ದವಲ್ಲ, ಹಾಗೇ ಬಿಟ್ಟಿದ್ದರೆ! ಆದರೂ ಒಂದು ಆಸೆ ಮೊಳೆಯಿತು. ಮಾವ ರಾತ್ರಿ ಉಳಿದರೆ ನಸುಕಿನಲ್ಲಿ ತಮ್ಮಯ್ಯನನ್ನು ಎಬ್ಬಿಸಿ...

"ಅವನ್ನ ಇತ್ಲಾಗ್ ಕೊಡಿ," ಎಂದು ನಂಜಪ್ಪನವರು ನಾಲ್ಕನ್ನೂ ಬಾಚಿ ಜೇಬಿಗೆ ಹಾಕಿಕೊಂಡರು. "ಮಿಲ್ಲಿಗೆ ಇವಿಲ್ದೆ ತಂತಿ ಕಟ್ಕಂಡು ಓಡುಸ್ತಾ ಇವ್ನಿ."

ಮನೆ ಮುಂದೆ ಮಗಳು ಕೊಟ್ಟ ಕಾಫಿಯನ್ನು ನಂಜಪ್ಪನವರು ಕಾರಿನಲ್ಲಿ ಕೂತೇ ಕುಡಿದರು. ಬೆಳಕಿರುವಾಗಲೇ ಊರು ಸೇರಬೇಕಂತೆ. "ಬೇಜಾರ್ ಮಾಡ್ಕಬ್ಯಾಡಿ ಅಳಿಯಂದಿರೇ. ಸದ್ದು ಯಾವತ್ತು ಬಂದದೋ ಅವತ್ತು ನಿಮ್ಗೇ ತಂದ್ಕೊಡ್ತೀನಿ."

"ಬರಾದೇ ಇಲ್ಲ ಬುಡಿ ಯಜಮಾನ್ರೇ," ಎಂದ ತಮ್ಮಯ್ಯ ಎದೆ ಮುಟ್ಟಿಕೊಂಡು. "ಇನ್ನಿಪ್ಪತ್ತೊರ್ಷ ನನ್ ಗ್ಯಾರಂಟಿ."

ಕಾರು ಒಂದಿಷ್ಟೂ ಸದ್ದು ಮಾಡದೆ ಬೀದಿಯ ತಿರುವಿನಲ್ಲಿ ಮರೆಯಾಯಿತು. ಕಾಂಪೌಂಡಿನ ಆಚೆ ಕಾಮಾಕ್ಷಮ್ಮನವರು ಚೊಂಬು ಕೆಳಗಿಟ್ಟರು.

"ನಮ್ಮದು ಬರೀ ಬಾವಿ ರಾಟೆ ಮೇಷ್ಟ್ರೇ. ನಿಮ್ಮದು ಎಷ್ಟು ಮಣ ಇತ್ತು?"

ರೂಪಶ್ರೀ ಗಂಡನ ಪಕ್ಕಕ್ಕೆ ಬಂದು ನಿಂತಳು. ನಗು ತಡೆದುಕೊಂಡದ್ದಕ್ಕೆ ಅವಳ ಕೆನ್ನೆ ಉಬ್ಬಿತ್ತು. "ಹೋಗಲಿ ಬಿಡಿ. ನಾಳೆ ಗೊರೂರಿಗೆ ಬಸ್ಸಿನಲ್ಲೇ ಹೋಗೋಣ. ಕಿಟಕಿ ಸೀಟು ನನಗೆ. ರಾತ್ರಿಗೆ ಬದನೆಕಾಯಿ ಎಣ್ಣೆಗಾಯಿ ಮಾಡ್ತೀನಿ. ಅದ್ಯಾಕೆ ಆ ಎಣ್ಣೆ ಡಬ್ಬ ಹಿಡ್ಕೊಂಡೇ ನಿಂತಿದ್ದೀರಿ? ಬಿಸಾಕಬಾರದೇ?"

ಮೋಹನ್‌ಕುಮಾರ ಡಬ್ಬವನ್ನು ಎದೆಗೆ ಒತ್ತಿಕೊಂಡ. ಜೇಬಿನಿಂದ ಸಣ್ಣಯ್ಯನ ಚೀಟಿ ತೆಗೆದು ಅವಳಿಗೆ ತೋರಿಸಿದ.

"ಬಿಸಾಕೋದಾ? ಇಡೀ ದಿನದಲ್ಲಿ ನಾನು ದುಡ್ಡು ಕೊಟ್ಟು ಕೊಂಡಿದ್ದು ಇದೊಂದೇ ಕಣೇ."